ಕ್ಲೇಟನ್‌ನ ಆರೋಗ್ಯ ವಿಜ್ಞಾನ ವಿದ್ಯಾರ್ಥಿಗಳು: ಕೋವಿಡ್ ಕಾಲ ಕಲಿಸಿದ ಪಾಠ



ಮೆಲ್ಬರ್ನ್ ನಗರದಿಂದ ಆಗ್ನೇಯಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿರುವ ಕ್ಲೇಟನ್ ನಮ್ಮಲ್ಲಿ ಅನೇಕರಿಗೆ ಚೆನ್ನಾಗಿ ಪರಿಚಯವಿರುವ ಊರು. 1961ರಲ್ಲಿ ಪಾಠ ಆರಂಭಿಸಿದ ಮೋನಾಶ್ ವಿಶ್ವವಿದ್ಯಾಲಯದ ಮುಖ್ಯ ಆವರಣ ಇರುವುದು ಇಲ್ಲೇ. ಮೋನಾಶ್ ಮೆಡಿಕಲ್ ಸೆಂಟರ್ ಎಂಬ ದೊಡ್ಡ ಆಸ್ಪತ್ರೆ, 2017ರಲ್ಲಿ ತೆರೆದ ಮಕ್ಕಳ ಆಸ್ಪತ್ರೆ, 2023ರಲ್ಲಿ ತೆರೆದ ಹೃದಯ ಆಸ್ಪತ್ರೆ ಎಲ್ಲವೂ ಇದೇ ಊರಿನಲ್ಲಿವೆ. ವೈದ್ಯಕೀಯ, ನರ್ಸಿಂಗ್ ಮತ್ತು ಇತರ ಆರೋಗ್ಯ ವಿಜ್ಞಾನಗಳನ್ನು ಓದಲು ಬರುವ ಮಕ್ಕಳಿಗೆ ತರಗತಿ, ಆಸ್ಪತ್ರೆ, ಬಾಡಿಗೆ ಕೋಣೆ, ಭಾರತೀಯ ದಿನಸಿ ಅಂಗಡಿ ಎಲ್ಲವೂ ಒಂದೇ ಕಡೆ ಸಿಗುವುದು ಈ ಊರಿನ ಅನುಕೂಲ.

ಆಸ್ಟ್ರೇಲಿಯಾದ ಕೋವಿಡ್ ಕಥೆ ಆರಂಭವಾದದ್ದೂ ಈ ಊರಿನಲ್ಲಿಯೇ. ದೇಶದಲ್ಲಿ ಖಚಿತಪಟ್ಟ ಮೊದಲ ಕೋವಿಡ್ ಪ್ರಕರಣವನ್ನು 2020ರ ಜನವರಿ 25ರಂದು ಪ್ರಕಟಿಸಲಾಯಿತು. ವುಹಾನ್‌ನಿಂದ ಬಂದಿದ್ದ ಆ ರೋಗಿಗೆ ಚಿಕಿತ್ಸೆ ನಡೆದದ್ದು ಕ್ಲೇಟನ್‌ನ ಮೋನಾಶ್ ಮೆಡಿಕಲ್ ಸೆಂಟರ್‌ನಲ್ಲಿ. ಮುಂದಿನ ಎರಡು ವರ್ಷ ಈ ಊರಿನ ವಿದ್ಯಾರ್ಥಿಗಳು ಕಂಡದ್ದನ್ನು ಈಗ ಮತ್ತೆ ನೆನಪಿಸಿಕೊಳ್ಳಲು ಒಂದು ಕಾರಣವಿದೆ. ಸಾಂಕ್ರಾಮಿಕ ಮುಗಿದಿದೆ, ಆದರೆ ಆಗ ಕಣ್ಣಿಗೆ ಬಿದ್ದ ಒಂದು ಸಮಸ್ಯೆ ಮುಗಿದಿಲ್ಲ. ಇತರರ ಆರೋಗ್ಯ ನೋಡಿಕೊಳ್ಳಲು ಕಲಿಯುವ ಮಕ್ಕಳೇ ತಮ್ಮ ಮನಸ್ಸಿಗೆ ನೋವಾದಾಗ ಸಹಾಯ ಕೇಳಲು ಹೆದರುತ್ತಾರೆ. ಆ ಹೆದರಿಕೆಯಲ್ಲಿ ಎಷ್ಟು ನಿಜ, ಎಷ್ಟು ತಪ್ಪು ತಿಳಿವಳಿಕೆ ಎಂಬುದನ್ನು ಮಕ್ಕಳೂ ತಿಳಿದಿರಬೇಕು, ಮನೆಯವರೂ ತಿಳಿದಿರಬೇಕು. ಈ ಲೇಖನದ ಉದ್ದೇಶ ಅಷ್ಟೇ.

262 ದಿನಗಳು

ಮೆಲ್ಬರ್ನ್ ನಗರ 2020ರ ಮಾರ್ಚ್ ಕೊನೆಯಿಂದ 2021ರ ಅಕ್ಟೋಬರ್ 21ರವರೆಗೆ ಆರು ಬಾರಿ ಲಾಕ್‌ಡೌನ್ ಕಂಡಿತು. ಒಟ್ಟು 262 ದಿನ. ಎಲ್ಲಕ್ಕಿಂತ ಕಠಿಣವಾದದ್ದು ಎರಡನೆಯದು. 2020ರ ಜುಲೈನಲ್ಲಿ ಆರಂಭವಾಗಿ ಅಕ್ಟೋಬರ್ ಕೊನೆಯವರೆಗೆ ನಡೆಯಿತು. ಆಗಸ್ಟ್ 2ರಿಂದ ರಾತ್ರಿ 8ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ, ಮನೆಯಿಂದ 5 ಕಿ.ಮೀ. ಆಚೆ ಹೋಗುವಂತಿಲ್ಲ, ವ್ಯಾಯಾಮಕ್ಕೆ ದಿನಕ್ಕೆ ಒಂದು ಗಂಟೆ. ಸಿಡ್ನಿಯ ನಮ್ಮ ಬಂಧುಗಳಿಗೆ ಇಂಥದೇ ಅನುಭವ 2021ರ ಜೂನ್ 26ರಿಂದ ಅಕ್ಟೋಬರ್ 11ರವರೆಗೆ ಆಯಿತು. ಅಲ್ಲಿ ಪ್ಯಾರಾಮಟ್ಟಾ, ಬ್ಲ್ಯಾಕ್‌ಟೌನ್ ಮುಂತಾದ ಪಶ್ಚಿಮದ ಬಡಾವಣೆಗಳಲ್ಲಿ ನಿಯಮಗಳು ಇನ್ನೂ ಬಿಗಿಯಾಗಿದ್ದವು.

ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದವರಿಗೂ ಇದು ಕಷ್ಟವೇ. ಆದರೆ ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಮಲಗಿ, ಅಲ್ಲೇ ಲ್ಯಾಪ್‌ಟಾಪ್ ಮುಂದೆ ಪಾಠ ಕೇಳಿ, ಅಲ್ಲೇ ಊಟ ಮಾಡಿ, ವಾರಗಟ್ಟಲೆ ಯಾರ ಮುಖವನ್ನೂ ಹತ್ತಿರದಿಂದ ನೋಡದ ವಿದ್ಯಾರ್ಥಿಗಳ ಕಷ್ಟ ಬೇರೆ ರೀತಿಯದು.

ಹಣದ ಕಷ್ಟವೂ ಜೊತೆಗೂಡಿತು. ಹೋಟೆಲು, ಅಂಗಡಿಗಳು ಮುಚ್ಚಿದಾಗ ಅರೆಕಾಲಿಕ ಕೆಲಸಗಳು ಹೋದವು. ಕೇಂದ್ರ ಸರ್ಕಾರದ ಜಾಬ್‌ಕೀಪರ್, ಜಾಬ್‌ಸೀಕರ್ ನೆರವು ವಿದೇಶಿ ವಿದ್ಯಾರ್ಥಿಗಳಿಗೆ ಸಿಗಲಿಲ್ಲ. ತಮ್ಮ ಖರ್ಚು ನೋಡಿಕೊಳ್ಳಲಾಗದ ವೀಸಾದಾರರು ತಮ್ಮ ದೇಶಕ್ಕೆ ಮರಳುವುದು ಒಳಿತು ಎಂಬ ಅರ್ಥದ ಮಾತನ್ನು 2020ರ ಏಪ್ರಿಲ್ 3ರಂದು ಅಂದಿನ ಪ್ರಧಾನಿ ಸ್ಕಾಟ್ ಮಾರಿಸನ್ ಆಡಿದರು. ಮನೆ, ಹೊಲದ ಮೇಲೆ ಸಾಲ ತೆಗೆದು ಬಂದ ಮಕ್ಕಳಿಗೆ ಆ ಮಾತು ಎಷ್ಟು ನಾಟಿರಬಹುದು ಎಂದು ನಾವು ಊಹಿಸಬಹುದು. ಅದೇ ತಿಂಗಳು ವಿಕ್ಟೋರಿಯಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಗಾಗಿ ತುರ್ತು ನಿಧಿ ತೆರೆದು ಒಬ್ಬೊಬ್ಬರಿಗೆ 1,100 ಡಾಲರ್‌ವರೆಗೆ ಕೊಟ್ಟಿತು ಎಂಬುದನ್ನೂ ಹೇಳಬೇಕು.

ಈ ವಿದ್ಯಾರ್ಥಿಗಳ ಕಷ್ಟ ಏಕೆ ಬೇರೆ?

ಬೇರೆ ಕೋರ್ಸುಗಳನ್ನು ಹೇಗೋ ಕಂಪ್ಯೂಟರ್ ಮೂಲಕ ಮುಗಿಸಬಹುದಿತ್ತು. ಆರೋಗ್ಯ ವಿಜ್ಞಾನದಲ್ಲಿ ಅದು ಆಗದು. ಆಸ್ಟ್ರೇಲಿಯಾದಲ್ಲಿ ನರ್ಸಿಂಗ್ ಪದವಿ ಪಡೆಯಲು ಆಸ್ಪತ್ರೆ ಮುಂತಾದ ಕಡೆ ಕನಿಷ್ಠ 800 ಗಂಟೆ ಪ್ಲೇಸ್‌ಮೆಂಟ್, ಅಂದರೆ ರೋಗಿಗಳ ನಡುವೆ ತರಬೇತಿ, ಮುಗಿಸಲೇಬೇಕು. ಈ ಗಂಟೆಗಳಿಗೆ ಸಂಬಳವಿಲ್ಲ. ಕೋವಿಡ್ ಸಮಯದಲ್ಲಿ ಅನೇಕ ಪ್ಲೇಸ್‌ಮೆಂಟ್‌ಗಳು ರದ್ದಾದವು ಅಥವಾ ಮುಂದಕ್ಕೆ ಹೋದವು. ಪ್ಲೇಸ್‌ಮೆಂಟ್ ಸಿಗದಿದ್ದರೆ ಪದವಿ ತಡ, ಪದವಿ ತಡವಾದರೆ ಶುಲ್ಕ, ಬಾಡಿಗೆ, ವೀಸಾ ಎಲ್ಲದರ ಲೆಕ್ಕವೂ ತಪ್ಪುತ್ತದೆ. ಪ್ಲೇಸ್‌ಮೆಂಟ್ ಸಿಕ್ಕವರಿಗೆ ಇನ್ನೊಂದು ಭಯ. ತನಗೆ ಸೋಂಕು ತಗುಲಿದರೆ? ಅದನ್ನು ಒಂದೇ ಅಡುಗೆಮನೆ ಬಳಸುವ ಗೆಳೆಯರಿಗೆ ಅಥವಾ ಮನೆಯಲ್ಲಿರುವ ಅಜ್ಜಿ ತಾತನಿಗೆ ತಂದರೆ?

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2020ರಲ್ಲಿ ವಿಕ್ಟೋರಿಯಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರಿಗೆ ಸೋಂಕು ತಗುಲಿತು. ಆ ವರ್ಷ ರಾಜ್ಯದಲ್ಲಿ ಕೋವಿಡ್‌ನಿಂದ ತೀರಿಕೊಂಡ 820 ಜನರಲ್ಲಿ 600ಕ್ಕೂ ಹೆಚ್ಚು ಮಂದಿ ವೃದ್ಧಾಶ್ರಮಗಳ ನಿವಾಸಿಗಳು. ಭಾರತದಿಂದ ಬಂದ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ಹೊಟ್ಟೆಪಾಡಿಗೆ ಕೆಲಸ ಮಾಡುವುದು ಇಂಥ ವೃದ್ಧಾಶ್ರಮಗಳಲ್ಲಿಯೇ. ಸಿಬ್ಬಂದಿ ಸಾಲದೆ, ವಿದ್ಯಾರ್ಥಿ ವೀಸಾದ ಎರಡು ವಾರಕ್ಕೆ 40 ಗಂಟೆಯ ಮಿತಿಯನ್ನು ಈ ಕ್ಷೇತ್ರದಲ್ಲಿ 2020ರಲ್ಲಿ ಸಡಿಲಿಸಲಾಯಿತು. (2023ರ ಜುಲೈ 1ರಿಂದ ಮಿತಿ ಮತ್ತೆ ಬಂದಿದೆ, ಎರಡು ವಾರಕ್ಕೆ 48 ಗಂಟೆ.) ನ್ಯೂ ಸೌತ್ ವೇಲ್ಸ್‌ನಲ್ಲಿ ಕೊನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ 'ಅಸಿಸ್ಟೆಂಟ್ ಇನ್ ಮೆಡಿಸಿನ್' ಎಂಬ ಹೊಸ ಹುದ್ದೆಯನ್ನೇ ಸೃಷ್ಟಿಸಿದರು. ಒಂದು ಕಡೆ ಪಾಠ ಕಲಿಯುವ ವಿದ್ಯಾರ್ಥಿ, ಇನ್ನೊಂದು ಕಡೆ ದೇಶ ಕಾಯುವ ಕೈ. ಇಪ್ಪತ್ತರ ಆಸುಪಾಸಿನ ಮಕ್ಕಳು ಮಕ್ಕಳಿಲ್ಲದೆ, ಬಂಧುಗಳಿಲ್ಲದೆ ಸಾಯುವ ವೃದ್ಧರ ಪಕ್ಕದಲ್ಲಿ ನಿಂತದ್ದು ಇದೇ ಕಾಲದಲ್ಲಿ.

ಊರಿನ ದಾರಿ ಮುಚ್ಚಿದಾಗ

ಆಸ್ಟ್ರೇಲಿಯಾ 2020ರ ಮಾರ್ಚ್ 20ರ ರಾತ್ರಿ ತನ್ನ ಗಡಿ ಮುಚ್ಚಿತು. ಲಸಿಕೆ ಪಡೆದ ವಿದ್ಯಾರ್ಥಿ ವೀಸಾದಾರರಿಗೆ ಅದು ಸಾಮಾನ್ಯವಾಗಿ ತೆರೆದದ್ದು 2021ರ ಡಿಸೆಂಬರ್ 15ರಂದು. ರಜೆಗೆಂದು ಬೆಂಗಳೂರಿಗೋ ಮೈಸೂರಿಗೋ ಹೋಗಿದ್ದವರು ಅಲ್ಲೇ ಉಳಿದರು. ಇಲ್ಲಿಯ ಬೆಳಿಗ್ಗೆ 9ರ ತರಗತಿಗೆ ಅಲ್ಲಿ ಬೇಸಿಗೆ ಚಳಿಗಾಲಕ್ಕೆ ತಕ್ಕಂತೆ ನಸುಕಿನ 3.30ಕ್ಕೋ 4.30ಕ್ಕೋ ಎದ್ದು ಕೂರಬೇಕಾಗಿತ್ತು. ಇಲ್ಲಿ ಉಳಿದವರಿಗೆ ಹೋದರೆ ಮರಳಿ ಬರಲಾಗದು ಎಂಬ ಚಿಂತೆ.

ಎಲ್ಲಕ್ಕಿಂತ ಕೆಟ್ಟ ದಿನಗಳು ಬಂದದ್ದು 2021ರ ಏಪ್ರಿಲ್, ಮೇ ತಿಂಗಳಲ್ಲಿ. ಭಾರತದಲ್ಲಿ ಎರಡನೇ ಅಲೆ ಏರುತ್ತಿದ್ದಾಗ ಏಪ್ರಿಲ್ 27ರಂದು ಅಲ್ಲಿಂದ ಬರುವ ವಿಮಾನಗಳನ್ನು ಆಸ್ಟ್ರೇಲಿಯಾ ನಿಲ್ಲಿಸಿತು. ಮೇ 3ರಿಂದ 15ರವರೆಗೆ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ಈ ದೇಶಕ್ಕೆ ಕಾಲಿಡುವುದು ಶಿಕ್ಷಾರ್ಹ ಅಪರಾಧವಾಗಿತ್ತು. ಐದು ವರ್ಷದವರೆಗೆ ಸೆರೆವಾಸ ಅಥವಾ 66,600 ಡಾಲರ್‌ವರೆಗೆ ದಂಡ ವಿಧಿಸಬಹುದಾಗಿತ್ತು; ಈ ದೇಶದ ಪ್ರಜೆಗಳಿಗೂ ರಿಯಾಯಿತಿ ಇರಲಿಲ್ಲ. ಅದೇ ವಾರ, ಮೇ 5ರಂದು, ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಬೆಂಗಳೂರಿನಲ್ಲಿ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಜನ ಅಲೆಯುತ್ತಿದ್ದರು. ಅಂತ್ಯಕ್ರಿಯೆಯನ್ನು ಮೊಬೈಲ್‌ನಲ್ಲಿ ನೋಡಿದ ಕುಟುಂಬಗಳು ನಮ್ಮ ನಡುವೆ ಇವೆ.

ಆರೋಗ್ಯ ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ಸಂಕಟ. ಆಕ್ಸಿಜನ್ ಪ್ರಮಾಣ 85 ಎಂದರೆ ಏನು ಎಂಬುದು ಅವರಿಗೆ ಗೊತ್ತು. ಮನೆಯವರು "ಏನಿಲ್ಲಪ್ಪ, ಸ್ವಲ್ಪ ಜ್ವರ ಅಷ್ಟೇ" ಎಂದರೂ ಅವರಿಗೆ ಅರ್ಥವಾಗುತ್ತದೆ. ಬೇರೆಯವರ ತಂದೆ ತಾಯಿಯನ್ನು ಉಪಚರಿಸುತ್ತಾ ತಮ್ಮವರ ಬಳಿ ಹೋಗಲಾಗದ ನೋವು ಸುಲಭವಾಗಿ ಮರೆಯುವಂಥದ್ದಲ್ಲ. ಅಂದು ವಿದ್ಯಾರ್ಥಿಗಳಾಗಿದ್ದವರು ಇಂದು ವಾರ್ಡುಗಳಲ್ಲಿ ನರ್ಸ್‌ಗಳಾಗಿ, ವೈದ್ಯರಾಗಿ ದುಡಿಯುತ್ತಿದ್ದಾರೆ. ಆ ದುಃಖವನ್ನು ಯಾರಲ್ಲೂ ಹೇಳಿಕೊಳ್ಳದೆ ಮುಂದೆ ಸಾಗಿದವರು ಅವರಲ್ಲಿ ಇದ್ದೇ ಇರುತ್ತಾರೆ.

ಅಧ್ಯಯನಗಳು ಹೇಳುವುದೇನು?

ಈ ಸಮಸ್ಯೆ ಕೋವಿಡ್‌ಗಿಂತ ಹಳೆಯದು. ಆಸ್ಟ್ರೇಲಿಯಾದ ಬಿಯಾಂಡ್ ಬ್ಲೂ ಸಂಸ್ಥೆ 2013ರಲ್ಲಿ ವೈದ್ಯರು ಹಾಗೂ ವೈದ್ಯಕೀಯ ವಿದ್ಯಾರ್ಥಿಗಳ ರಾಷ್ಟ್ರೀಯ ಸಮೀಕ್ಷೆಯನ್ನು ಪ್ರಕಟಿಸಿತು. ಸಾಮಾನ್ಯ ಜನರಿಗಿಂತ ಇವರಲ್ಲಿ ಮಾನಸಿಕ ಸಂಕಟ ಹೆಚ್ಚು ಎಂದು ಅದರಿಂದ ತಿಳಿಯಿತು. 2016ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಬಂದ ಲೇಖನವೊಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇ. 27.2ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡವು. ಅಂಥವರಲ್ಲಿ ಚಿಕಿತ್ಸೆಗೆ ಹೋದವರು ಶೇ. 15.7 ಮಾತ್ರ. ಈ ಎರಡನೆಯ ಅಂಕಿಯನ್ನು ಗಮನವಿಟ್ಟು ನೋಡಬೇಕು. ಆಸ್ಪತ್ರೆಯಲ್ಲೇ ದಿನ ಕಳೆಯುವವರಲ್ಲಿ ಆರು ಮಂದಿಯಲ್ಲಿ ಒಬ್ಬರೂ ತಮಗಾಗಿ ಚಿಕಿತ್ಸೆ ಕೇಳಲಿಲ್ಲ.

ಕೋವಿಡ್ ಇದನ್ನು ಇನ್ನಷ್ಟು ಹೆಚ್ಚಿಸಿತು. ಸಾಂಕ್ರಾಮಿಕದ ಮೊದಲ ವರ್ಷ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಸುಮಾರು ಶೇ. 25ರಷ್ಟು ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಆಸ್ಟ್ರೇಲಿಯಾದಲ್ಲಿ 2020ರ ಎರಡನೇ ಅಲೆಯ ಸಮಯದಲ್ಲಿ ಏಳು ಸಾವಿರಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರನ್ನು ಒಳಗೊಂಡ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆತಂಕ, ಖಿನ್ನತೆಯ ಲಕ್ಷಣಗಳನ್ನು ಹೇಳಿಕೊಂಡರು.

ಸಹಾಯ ಕೇಳಲು ಬಿಡದ ಮೂರು ಭಯಗಳು

ಮೊದಲನೆಯದು ನೋಂದಣಿಯ ಭಯ. "ಕೌನ್ಸೆಲರ್ ಹತ್ತಿರ ಹೋದರೆ ಆಪ್ರಾಗೆ ಗೊತ್ತಾಗುತ್ತದೆ, ನಾಳೆ ಲೈಸೆನ್ಸ್ ಸಿಗಲ್ಲ" ಎಂಬ ಮಾತು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಆಪ್ರಾ ಎಂದರೆ ವೈದ್ಯರು, ನರ್ಸ್‌ಗಳು ಮುಂತಾದ ಆರೋಗ್ಯ ವೃತ್ತಿಯವರ ನೋಂದಣಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ. ಈ ಕೋರ್ಸುಗಳ ಹೆಚ್ಚಿನ ವಿದ್ಯಾರ್ಥಿಗಳೂ ಅದರಲ್ಲಿ ನೋಂದಾಯಿತರೇ, ಆದರೆ ವಿದ್ಯಾರ್ಥಿಗಳ ಪಟ್ಟಿ ಸಾರ್ವಜನಿಕರಿಗೆ ಸಿಗುವುದಿಲ್ಲ. ಕೌನ್ಸೆಲಿಂಗ್ ಪಡೆಯುವುದು, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವುದು ವರದಿ ಮಾಡಬೇಕಾದ ವಿಷಯಗಳಲ್ಲ. ಆರೋಗ್ಯದ ತೊಂದರೆಯಿಂದ ತರಬೇತಿಯ ಸಮಯದಲ್ಲಿ ರೋಗಿಗಳಿಗೆ ಗಂಭೀರ ಅಪಾಯ ಆಗಬಹುದು ಎಂಬ ಸ್ಥಿತಿಯಿದ್ದರೆ ಮಾತ್ರ ಕಡ್ಡಾಯ ವರದಿಯ ಪ್ರಶ್ನೆ ಬರುತ್ತದೆ. ಚಿಕಿತ್ಸೆ ನೀಡುವ ವೈದ್ಯರ ಮಟ್ಟಿಗೆ ಈ ನಿಯಮವನ್ನು 2020ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಲಾಯಿತು. ಸರಿಯಾದ ಸಮಯಕ್ಕೆ ಚಿಕಿತ್ಸೆ ಪಡೆದವರು ಆ ಸ್ಥಿತಿಗೆ ತಲುಪುವ ಸಾಧ್ಯತೆ ಕಡಿಮೆ. ಅಂದರೆ ಚಿಕಿತ್ಸೆ ಪಡೆಯುವುದು ನೋಂದಣಿಗೆ ರಕ್ಷಣೆಯೇ ಹೊರತು ಕುತ್ತಲ್ಲ.

ಎರಡನೆಯದು ವೀಸಾದ ಭಯ. ವಿಶ್ವವಿದ್ಯಾಲಯದ ಕೌನ್ಸೆಲರ್‌ಗೆ ಹೇಳಿದ ಮಾತು ಗೋಪ್ಯ. ಅದು ವೀಸಾ ಇಲಾಖೆಗೆ ಹೋಗುವುದಿಲ್ಲ. ಪ್ರಾಣಾಪಾಯದಂಥ ಸಂದರ್ಭದಲ್ಲಿ ಮಾತ್ರ ರಕ್ಷಣೆಗಾಗಿ ಬೇರೆಯವರಿಗೆ ತಿಳಿಸುತ್ತಾರೆ. ಓದಿನಿಂದ ಸ್ವಲ್ಪ ದಿನ ಬಿಡುವು ಬೇಕಾದರೆ ಅದಕ್ಕೂ ನಿಯಮಬದ್ಧ ದಾರಿಯಿದೆ. ಗಂಭೀರ ಅನಾರೋಗ್ಯ, ಹತ್ತಿರದ ಬಂಧುಗಳ ಸಾವು ಮುಂತಾದ ಕಾರಣಗಳಿಗೆ ವೈದ್ಯರ ಪತ್ರ ಅಥವಾ ದಾಖಲೆ ಕೊಟ್ಟು ವಿಶ್ವವಿದ್ಯಾಲಯದಿಂದ ರಜೆಗೆ ಅನುಮತಿ ಪಡೆಯಬಹುದು. ವೀಸಾಕ್ಕೆ ನಿಜವಾಗಿ ತೊಂದರೆ ತರುವುದು ಯಾರಿಗೂ ಹೇಳದೆ ತರಗತಿಗೆ ಹೋಗುವುದನ್ನು ನಿಲ್ಲಿಸಿಬಿಡುವುದು. ಆದ್ದರಿಂದ ಮೊದಲು ಮಾತನಾಡಿ, ನಂತರ ನಿರ್ಧರಿಸಿ.

ಮೂರನೆಯದು ಮನೆಯವರ ಭಯ. ಇದನ್ನು ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಬರೆಯಲೇಬೇಕು. "ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ", "ನಾಳೆ ಮದುವೆ ಮಾತುಕತೆಯಲ್ಲಿ ತೊಂದರೆ", "ಇಷ್ಟು ಖರ್ಚು ಮಾಡಿ ಕಳಿಸಿದರೆ ಹೀಗಾ ಅನ್ನುತ್ತಾರೆ". ಈ ಮಾತುಗಳನ್ನು ಮಕ್ಕಳು ಕಲಿತದ್ದು ನಮ್ಮಿಂದಲೇ. 18 ತುಂಬಿದ ವಿದ್ಯಾರ್ಥಿಯ ಆರೋಗ್ಯದ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ವೈದ್ಯರಾಗಲಿ ಕೌನ್ಸೆಲರ್ ಆಗಲಿ ತಂದೆ ತಾಯಿಗೆ ಹೇಳುವಂತಿಲ್ಲ, ಶುಲ್ಕ ಕಟ್ಟುವವರು ತಂದೆ ತಾಯಿಯೇ ಆಗಿದ್ದರೂ ಸರಿ. ಆದರೆ ಕಾನೂನಿನ ರಕ್ಷಣೆ ಬೇಕಾಗದೆ ಮಕ್ಕಳು ತಾವಾಗಿಯೇ ಹೇಳುವಂತಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದು ನಮ್ಮ ಮನೆಯಲ್ಲೇ ಇದ್ದು ಓದುವ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಒಂದೇ ಸೂರಿನಡಿ ಇದ್ದೂ ಏನೂ ಹೇಳದಿರುವುದು ಸಾಧ್ಯ.

ಫೋನಿನಲ್ಲಿ ಏನು ಕೇಳಬೇಕು?

ನಮ್ಮ ಮನೆಗಳ ಫೋನ್ ಮಾತುಕತೆ ಎಲ್ಲರಿಗೂ ಗೊತ್ತು. "ಊಟ ಆಯ್ತಾ ಮಗಾ?" "ಹ್ಞೂ ಅಮ್ಮ, ಆಯ್ತು." "ಓದು ಹೇಗೆ ನಡೀತಿದೆ?" "ಚೆನ್ನಾಗಿದೆ." ಅಲ್ಲಿಗೆ ಮಾತು ಮುಗಿಯಿತು. ಈ ಪ್ರಶ್ನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ, ಆದರೆ ಸುಳ್ಳು ಹೇಳಲು ಬಹಳ ಸುಲಭ. ಸ್ವಲ್ಪ ಬದಲಿಸಿ ಕೇಳಿ ನೋಡಿ. "ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂತು?" "ಇವತ್ತು ಏನು ಅಡುಗೆ ಮಾಡ್ಕೊಂಡೆ?" "ಈ ವಾರ ಯಾರ ಜೊತೆ ಕೂತು ಮಾತಾಡಿದೆ?" "ವಾರ್ಡಿನಲ್ಲಿ ಮನಸ್ಸಿಗೆ ಬೇಜಾರಾಗೋ ಅಂಥದ್ದೇನಾದರೂ ಆಯ್ತಾ?" ಉತ್ತರ ಬಂದಾಗ ಬುದ್ಧಿ ಹೇಳಲು ಅವಸರ ಬೇಡ. "ನಾವೂ ಕಷ್ಟಪಟ್ಟೇ ಮೇಲೆ ಬಂದಿದ್ದು", "ಧೈರ್ಯ ತಂದುಕೋ", "ಅವರ ಮಗಳನ್ನು ನೋಡು" ಎಂಬ ಮಾತುಗಳು ಬಾಗಿಲು ಮುಚ್ಚುತ್ತವೆ. "ಹೇಳಿದ್ದು ಒಳ್ಳೇದಾಯ್ತು. ಇನ್ನೂ ಹೇಳು" ಎನ್ನುವುದೇ ಸಾಕು.

ಗಮನಿಸಬೇಕಾದ ಲಕ್ಷಣಗಳು ಇವು: ನಿದ್ದೆ, ಊಟದಲ್ಲಿ ದೊಡ್ಡ ಬದಲಾವಣೆ, ಕರೆಗಳು ಚಿಕ್ಕದಾಗುತ್ತಾ ನಿಂತೇಹೋಗುವುದು, ವಿಡಿಯೋ ಹಾಕಲು ಒಪ್ಪದಿರುವುದು, ಫಲಿತಾಂಶ ಮುಚ್ಚಿಡುವುದು, ಮೊದಲು ಇಷ್ಟವಿದ್ದ ಹಾಡು, ಆಟ, ಗೆಳೆತನ ಬಿಡುವುದು, ಮದ್ಯಪಾನ ಹೆಚ್ಚುವುದು, "ನಾನು ಎಲ್ಲರಿಗೂ ಭಾರ" ಎಂಬಂಥ ಮಾತು. ಇವು ಎರಡು ವಾರಕ್ಕಿಂತ ಹೆಚ್ಚು ಮುಂದುವರಿದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಭಾರವಾಗಿದ್ದೇನೆ ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂಬುದು ತಪ್ಪು ನಂಬಿಕೆ. ಹೌದು ಎಂದರೆ ಒಬ್ಬರನ್ನೇ ಬಿಡದೆ, ಕೂಡಲೇ ನೆರವಿಗೆ ಕರೆ ಮಾಡಿ.

ಕ್ಲೇಟನ್, ಗ್ಲೆನ್ ವೇವರ್ಲಿ ಸುತ್ತಮುತ್ತಲಿನ ಕುಟುಂಬಗಳು ಇನ್ನೂ ಒಂದು ಕೆಲಸ ಮಾಡಬಹುದು. ನಿಮಗೆ ಪರಿಚಯವಿರುವ ವಿದ್ಯಾರ್ಥಿಯನ್ನು ತಿಂಗಳಿಗೊಮ್ಮೆ ಊಟಕ್ಕೆ ಕರೆಯಿರಿ. ಹಬ್ಬವೇ ಆಗಬೇಕಿಲ್ಲ, ಅನ್ನ ಸಾರು ಸಾಕು. ಪರೀಕ್ಷೆಯ ಅಂಕ ಕೇಳಬೇಡಿ. ಮನೆಯಲ್ಲಿ ಮೊದಲ ವರ್ಷ ಇಲ್ಲಿಗೆ ಬಂದಾಗ ನೀವು ಪಟ್ಟ ಕಷ್ಟವಿದ್ದರೆ ಅದನ್ನು ಹೇಳಿ. ಆಸ್ಟ್ರೇಲಿಯಾದಲ್ಲೇ 2000ನೇ ಇಸವಿಯಲ್ಲಿ ಆರಂಭವಾಗಿ ಇಂದು ಅನೇಕ ದೇಶಗಳಿಗೆ ಹರಡಿರುವ 'ಮೆಂಟಲ್ ಹೆಲ್ತ್ ಫಸ್ಟ್ ಏಡ್' ತರಬೇತಿಯನ್ನು ಸಾಮಾನ್ಯ ಜನರೂ ಪಡೆಯಬಹುದು. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಯುವಂತೆಯೇ ಇದು.

ಎಲ್ಲಿ ಸಹಾಯ ಸಿಗುತ್ತದೆ?

ಪ್ರಾಣಾಪಾಯವಿದ್ದರೆ: 000.

ಲೈಫ್‌ಲೈನ್, ದಿನದ 24 ಗಂಟೆ: 13 11 14.

ಬಿಯಾಂಡ್ ಬ್ಲೂ: 1300 22 4636.

ನರ್ಸ್, ಮಿಡ್‌ವೈಫ್ ಮತ್ತು ಆ ಕೋರ್ಸುಗಳ ವಿದ್ಯಾರ್ಥಿಗಳಿಗೆಂದೇ ಇರುವ ಗೋಪ್ಯ ಸೇವೆ, 'ನರ್ಸ್ ಅಂಡ್ ಮಿಡ್‌ವೈಫ್ ಸಪೋರ್ಟ್', 24 ಗಂಟೆ: 1800 667 877.

ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳುವುದು ಕಷ್ಟವಾದ ಹಿರಿಯರು ಸರ್ಕಾರದ ಭಾಷಾಂತರ ಸೇವೆಗೆ ಕರೆ ಮಾಡಿ ಕನ್ನಡ ದುಭಾಷಿಯನ್ನು ಕೇಳಬಹುದು: 131 450.

ವಿಶ್ವವಿದ್ಯಾಲಯದ ಕೌನ್ಸೆಲಿಂಗ್: ಮೋನಾಶ್ ಸೇರಿದಂತೆ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಇದು ಉಚಿತ. 12ರಿಂದ 25 ವರ್ಷದವರಿಗೆ ಹೆಡ್‌ಸ್ಪೇಸ್ ಕೇಂದ್ರಗಳಿವೆ. ಮೆಡಿಕೇರ್ ಇರುವವರು ಮನೆ ವೈದ್ಯರಿಂದ ಮಾನಸಿಕ ಆರೋಗ್ಯ ಯೋಜನೆ ಬರೆಸಿಕೊಂಡರೆ ವರ್ಷಕ್ಕೆ 10 ಬಾರಿ ಮನಶ್ಶಾಸ್ತ್ರಜ್ಞರ ಭೇಟಿಗೆ ರಿಯಾಯಿತಿ ಪಡೆಯಬಹುದು. ಕೋವಿಡ್ ಕಾಲದಲ್ಲಿ ಇದನ್ನು 20ಕ್ಕೆ ಏರಿಸಿದ್ದರು. 2022ರ ಕೊನೆಗೆ ಮತ್ತೆ 10 ಆಯಿತು. ವಿದೇಶಿ ವಿದ್ಯಾರ್ಥಿಗಳಿಗೆ ಮೆಡಿಕೇರ್ ಇಲ್ಲ. ಅವರು ತಮ್ಮ ಆರೋಗ್ಯ ವಿಮೆಯಲ್ಲಿ ಏನೇನು ಸೇರಿದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಓದಿ ಇಟ್ಟುಕೊಳ್ಳಲಿ.

ಕರ್ನಾಟಕದಲ್ಲಿರುವ ತಂದೆ ತಾಯಿಗೂ ಚಿಂತೆಯಿಂದ ನಿದ್ದೆ ಬಾರದಿದ್ದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಭಾರತ ಸರ್ಕಾರದ ಟೆಲಿ ಮಾನಸ್‌ಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು: 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಪ್ಲೇಸ್‌ಮೆಂಟ್ ಸಮಯದ ಹಣದ ತೊಂದರೆಗೆ 2025ರ ಜುಲೈ 1ರಿಂದ ಕೇಂದ್ರ ಸರ್ಕಾರ ನರ್ಸಿಂಗ್, ಮಿಡ್‌ವೈಫರಿ, ಸಮಾಜ ಕಾರ್ಯ ಮತ್ತು ಶಿಕ್ಷಕ ತರಬೇತಿಯ ಅರ್ಹ ವಿದ್ಯಾರ್ಥಿಗಳಿಗೆ ವಾರದ ಭತ್ಯೆ ಕೊಡುತ್ತಿದೆ. ವಿದೇಶಿ ವಿದ್ಯಾರ್ಥಿಗಳು ಇದರಲ್ಲಿ ಸೇರಿಲ್ಲ. ಇಲ್ಲಿಯ ನಮ್ಮ ಮಕ್ಕಳು ಅರ್ಹತೆ ಇದೆಯೇ ಎಂದು ವಿಚಾರಿಸಲಿ.

ಬಂಧುಗಳೇ, ಈ ಪುಟವನ್ನು ಮುದ್ರಿಸಿ ನಿಮ್ಮ ಅಡುಗೆಮನೆಯ ಫ್ರಿಜ್ ಮೇಲೆ ಅಂಟಿಸಿಡಿ. ಓದುತ್ತಿರುವ ಮಕ್ಕಳಿಗೆ, ಅವರ ಗೆಳೆಯರಿಗೆ ಕಳಿಸಿ. ನಾಳೆ ನಮಗೆ ಕಾಯಿಲೆಯಾದಾಗ ಹಾಸಿಗೆಯ ಪಕ್ಕ ನಿಂತು "ಹೇಗಿದ್ದೀರಿ?" ಎಂದು ಕೇಳುವವರು ಈ ಮಕ್ಕಳೇ. ಇಂದು ಆ ಪ್ರಶ್ನೆಯನ್ನು ನಾವು ಅವರಿಗೆ ಕೇಳೋಣ, ಉತ್ತರ ಬರುವವರೆಗೆ ಕಾಯೋಣ.